ಟಗ್ಗಿನ ಜಾಡು

ಗೇಟ್‌ವೇಯಿಂದ ಘಾರಾಪುರಿಗೆ ಹೋಗುವ ಲಾಂಚಿನಲ್ಲಿ ಕುಳಿತವರೆಲ್ಲ ದೊಡ್ಡ ಹಡಗುಗಳನ್ನು ಬೆರಳು ಮಾಡಿ ತೋರಿಸುತ್ತಾರೆ. ಅವುಗಳ ಮಗ್ಗುಲಲ್ಲಿರುವ ಟಗ್ಗನ್ನು ಯಾರೂ ತೋರಿಸುವುದಿಲ್ಲ. ಗಿಡ್ಡ ಮೈ, ಸುತ್ತಲೂ ತೂಗಹಾಕಿದ ಹಳೆಯ ಟೈರುಗಳು, ಗಾತ್ರಕ್ಕೆ ಮೀರಿದ ಎಂಜಿನ್ನು. ಕಳೆದ ರಜೆಯಲ್ಲಿ ನಾವು ಹೋದಾಗ ಜವಾಹರ್ ದ್ವೀಪದ ಜೆಟ್ಟಿಗೆ ಎಣ್ಣೆಹಡಗೊಂದನ್ನು ಎರಡು ಟಗ್ಗುಗಳು ಒತ್ತಿ ಒತ್ತಿ ಸೇರಿಸುತ್ತಿದ್ದವು. ತುಂಬು ಬಸುರಿಯನ್ನು ಇಬ್ಬರು ಅಜ್ಜಿಯರು ತೋಳು ಹಿಡಿದು ಮೆಟ್ಟಿಲು ಹತ್ತಿಸಿದ ಹಾಗಿತ್ತು.

ಅಷ್ಟರಲ್ಲಿ ಮಕ್ಕಳು ಮೊಬೈಲಿನಲ್ಲಿ ಒಂದು ಟಗ್ಗಿನ ಜಾತಕವನ್ನೇ ಬಿಚ್ಚಿದರು. ಹೆಸರು, ಉದ್ದ, ಅಗಲ, ವೇಗ, ಮುಖ ಮಾಡಿದ ದಿಕ್ಕು ಎಲ್ಲವೂ ಅಲ್ಲಿದ್ದವು. ಎ.ಐ.ಎಸ್. ಎಂಬ ಯಂತ್ರ ಹಡಗಿನಲ್ಲಿ ಕುಳಿತು ಈ ವಿವರವನ್ನು ರೇಡಿಯೋದಲ್ಲಿ ಬಿತ್ತುತ್ತಿರುತ್ತದೆ. ದೊಡ್ಡ ಹಡಗಾದರೆ, ಓಡುವಾಗ 2ರಿಂದ 10 ಸೆಕೆಂಡಿಗೊಮ್ಮೆ, ಲಂಗರು ಹಾಕಿದಾಗ 3 ನಿಮಿಷಕ್ಕೊಮ್ಮೆ ತಾನಿರುವ ಸ್ಥಳವನ್ನು ಹೇಳುತ್ತದೆ. ಯಂತ್ರಕ್ಕೆ 9 ಅಂಕಿಯ ಗುರುತು. ಭಾರತದ ಹಡಗಿನದು 419ರಿಂದ ಮೊದಲಾಗುತ್ತದೆ. ಹಡಗಿಗೇ ಸೇರಿದ 7 ಅಂಕಿಯ ಇನ್ನೊಂದು ಸಂಖ್ಯೆ ಮಾತ್ರ, ಮಾಲೀಕ ಬದಲಾಗಲಿ, ಹೆಸರು ಬದಲಾಗಲಿ, ಗುಜರಿಗೆ ಹೋಗುವವರೆಗೂ ಬಿಡದು. ಕಡತ ನೋಡಿಕೊಳ್ಳುವ ನಮ್ಮಂಥವರಿಗೆ ಈ ಏರ್ಪಾಡು ಬಹಳ ಹಿಡಿಸಿತು. ತಲುಪುವ ಊರನ್ನು ಮಾತ್ರ ಹಡಗಿನವರೇ ಕೈಯಾರೆ ಬರೆಯಬೇಕು; ಆದ್ದರಿಂದ ಅಲ್ಲಿ ತಪ್ಪು ಕಾಗುಣಿತವೂ ಹೋದ ತಿಂಗಳ ಊರೂ ಕಂಡರೆ ಆಶ್ಚರ್ಯವಿಲ್ಲ.

ದೊಡ್ಡ ಹಡಗಿನ ಯಾನ ನಕ್ಷೆಯ ಮೇಲೆ ನೀಳವಾದ ಗೆರೆ. ಬಂದರಿನ ಟಗ್ಗಿನದು ಬೆಕ್ಕು ಆಡಿದ ನೂಲಿನುಂಡೆ. ದಿನವೆಲ್ಲ ದುಡಿದು ಹೊರಟಲ್ಲಿಗೇ ಬಂದು ನಿಲ್ಲುತ್ತದೆ.

ಆದರೆ ಪರದೆಯ ಚುಕ್ಕೆ ಹಡಗು ಈಗಿರುವ ಜಾಗವಲ್ಲ, ಕಡೆಯ ಸಾರಿ ಸುದ್ದಿ ಬಂದ ಜಾಗ. ಎಷ್ಟು ಹೊತ್ತಿನ ಹಿಂದಿನದೆಂದು ಪಕ್ಕದಲ್ಲಿ ಸಣ್ಣಗೆ ಬರೆದಿರುತ್ತದೆ. ಕಡಲಿನ ಮೇಲೆ ಮನೆಯವರಿರುವವರು ಮೊದಲು ಅದನ್ನು ಓದಬೇಕು. ದಡದ ಆಂಟೆನಾಕ್ಕೆ ನಿಲುಕದಷ್ಟು ದೂರ ಹೋದರೂ ಚುಕ್ಕೆ ನಿಲ್ಲುತ್ತದೆ, ಹಡಗು ಮುಳುಗಿದರೂ ನಿಲ್ಲುತ್ತದೆ. ಎರಡಕ್ಕೂ ನೋಟದಲ್ಲಿ ಭೇದವಿಲ್ಲ.

2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಮುಂಬಯಿಯ ಆಚೆಯ ಕಡಲಲ್ಲಿ 'ವರಪ್ರದಾ' ಎಂಬ ಟಗ್ಗು ಮುಳುಗಿತು. ಅದರಲ್ಲಿದ್ದ 13 ಮಂದಿಯಲ್ಲಿ ಉಳಿದವರು ಇಬ್ಬರೇ. ಅದೇ ಗಾಳಿಗೆ ನಮ್ಮ ಕರಾವಳಿಯ ಮುಲ್ಕಿಯ ಬಳಿ 'ಕೋರಮಂಡಲ್ ಸಪೋರ್ಟರ್' ಎಂಬ ಇನ್ನೊಂದು ಟಗ್ಗು ಬಂಡೆಗೆ ಸಿಕ್ಕಿತು. ನಮ್ಮ ಸಂಘದಲ್ಲಿ ಆ ಕಡೆಯವರು ಬೇಕಾದಷ್ಟು ಮಂದಿ. ಅವರಿಗೆ ಆ ಸುದ್ದಿ ಮರೆತಿರಲಾರದು. ಟಗ್ಗು ಎಲ್ಲಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಅಬ್ಬರದ ಕಡಲಲ್ಲಿ ಹತ್ತಿರ ಹೋಗುವುದೇ ಕಷ್ಟವಾಗಿತ್ತು. ಕಡೆಗೆ ಮೇ 17ರಂದು ತಟರಕ್ಷಣಾ ದಳದವರೂ ನೌಕಾದಳದ ಹೆಲಿಕಾಪ್ಟರಿನವರೂ ಸೇರಿ 9 ಮಂದಿಯನ್ನೂ ಜೀವಸಹಿತ ದಡ ಸೇರಿಸಿದರು.