ಖೋಡದ್ ಬಯಲಿನ ಬಲೆಗಳು

ಪುಣೆಯಿಂದ ನಾಸಿಕ್ ಹೆದ್ದಾರಿ ಹಿಡಿದು ಬಂದವರು ನಾರಾಯಣಗಾಂವ್‌ನಲ್ಲಿ ಬಲಕ್ಕೆ ಹೊರಳಿದೆವು. ದ್ರಾಕ್ಷಿ ಚಪ್ಪರ, ಟೊಮೆಟೊ ಹೊಲ. ಇದ್ದಕ್ಕಿದ್ದಂತೆ ಅವುಗಳ ನಡುವೆ ಆಕಾಶಕ್ಕೆ ಮುಖವೊಡ್ಡಿದ ಭಾರೀ ಬೋಗುಣಿಗಳು. ಖೋಡದ್‌ನ ಜಿಎಂಆರ್‌ಟಿ ರೇಡಿಯೊ ದೂರದರ್ಶಕ! ಅಂದು ಫೆಬ್ರವರಿ 28, ವಿಜ್ಞಾನ ದಿನ. ಶಾಲೆಯ ಮಕ್ಕಳ ಸಾಲಿನಲ್ಲಿ ನಾನೂ ನಿಂತೆ. ಒಳಗೆ ಮೊಬೈಲ್ ಬಳಸುವಂತಿಲ್ಲ. ನಕ್ಷತ್ರಲೋಕದಿಂದ ಬರುವ ಪಿಸುಮಾತು ಅಷ್ಟು ಕ್ಷೀಣ.

ಒಂದು ಆಂಟೆನಾದ ಅಡ್ಡಳತೆ 45 ಮೀಟರ್. ಬುಡದಲ್ಲಿ ನಿಂತು ತಲೆಯೆತ್ತಿದರೆ ತಗಡಿಲ್ಲ, ಬರೀ ತಂತಿಬಲೆ. ಅದರಾಚೆ ನೀಲಿ ಆಕಾಶ! ಗಾಳಿ ಸಲೀಸಾಗಿ ತೂರಿಹೋಗುತ್ತದೆ, ಉದ್ದುದ್ದ ರೇಡಿಯೊ ಅಲೆ ಮಾತ್ರ ನುಸುಳಲಾರದೆ ಪುಟಿಯುತ್ತದೆ. ರೇಡಿಯೊ ಖಗೋಳವಿಜ್ಞಾನಿ ಗೋವಿಂದ ಸ್ವರೂಪ್ ಅವರ ಈ ಯೋಚನೆಯಿಂದಲೇ ಇಂಥ 30 ಆಂಟೆನಾಗಳನ್ನು ಕಡಿಮೆ ಖರ್ಚಿನಲ್ಲಿ ಕಟ್ಟಲಾಯಿತು. ಇವುಗಳ ಒಂದು ಬಗೆಯ ಗ್ರಾಹಕಗಳು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ತಯಾರಾದವು ಎಂದು ನೆನೆದು ಹಿಗ್ಗಿದೆ.

ನಾನು ಹುಡುಕಿಕೊಂಡು ಬಂದದ್ದು ಒಂದು ಚಿತ್ರವನ್ನು. ಯುವ ಸಂಶೋಧಕಿಯೊಬ್ಬರು ಅದನ್ನು ಪರದೆಯ ಮೇಲೆ ತೋರಿಸಿದರು. ಕಪ್ಪು ಹಿನ್ನೆಲೆಯಲ್ಲಿ ಬಾಗಿದ ತೆಳುಗೆರೆ. ವಿಜ್ಞಾನಿಗಳು ಅದಕ್ಕಿಟ್ಟ ಅಡ್ಡಹೆಸರು ಸಾಸೇಜ್. ನನ್ನ ಕಣ್ಣಿಗೆ ಬಿದಿಗೆ ಚಂದ್ರ. ಉದ್ದ ಸುಮಾರು 60 ಲಕ್ಷ ಜ್ಯೋತಿರ್ವರ್ಷ! 2010ರಲ್ಲಿ ಪ್ರಕಟವಾದ ಅದರ ಅಧ್ಯಯನದಲ್ಲಿ ಈ ಬಲೆಗಳ ಪಾಲೂ ಇತ್ತು.

ಅಲ್ಲಿ ಎರಡು ಗ್ಯಾಲಕ್ಸಿ ಗುಚ್ಛಗಳು ಡಿಕ್ಕಿಯಾಗಿವೆ. ಗ್ಯಾಲಕ್ಸಿಗಳು ಒಂದಕ್ಕೊಂದು ತಾಗದೆ ಹಾದುಹೋಗುತ್ತವೆ. ಅಪ್ಪಳಿಸುವುದು ನಡುವಿನ ಕೋಟಿಗಟ್ಟಲೆ ಡಿಗ್ರಿ ಬಿಸಿಯ ಅನಿಲ. ಆ ಹೊಡೆತದಿಂದೆದ್ದ ಆಘಾತದ ಅಲೆ ಎಲೆಕ್ಟ್ರಾನುಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಅಟ್ಟುತ್ತದೆ. ಭೂಮಿಯ ಕಾಂತಕ್ಷೇತ್ರದ ಲಕ್ಷದಲ್ಲೊಂದು ಪಾಲೋ ಇನ್ನೂ ಕಡಿಮೆಯೋ ಇರುವ ಕ್ಷೇತ್ರದಲ್ಲಿ ಅವು ಸುತ್ತುತ್ತಾ ರೇಡಿಯೊ ಅಲೆ ಸೂಸುತ್ತವೆ. ಗೆರೆಯ ಹೊರ ಅಂಚಿನಲ್ಲಿ ಹೊಸ ಹುರುಪಿನವು. ಒಳಕ್ಕೆ ಬಂದಂತೆ ದಣಿದವು. ಇನ್ನು ಕೆಲವು ಗುಚ್ಛಗಳಲ್ಲಿ ನಡುಭಾಗವೆಲ್ಲ ಮಂಜು ಕವಿದಂತೆ ಬೆಳಗುತ್ತದೆ. ಸುಮಾರು ಹತ್ತು ಕೋಟಿ ವರ್ಷಗಳಲ್ಲಿ ಆರಿಹೋಗಬೇಕಿದ್ದ ಎಲೆಕ್ಟ್ರಾನುಗಳಿಗೆ, ಡಿಕ್ಕಿ ಎಬ್ಬಿಸಿದ ಅನಿಲದ ಕದಡಾಟ ಮತ್ತೆ ಕಸುವು ತುಂಬುತ್ತದೆಯಂತೆ. ಮುದಿ ಎಲೆಕ್ಟ್ರಾನಿಗೂ ಎರಡನೆಯ ಹರೆಯ! ನಾನು ಪರದೆ ಬಿಟ್ಟು ಕದಲಲಿಲ್ಲ.

“ದೂರದ ಆಂಟೆನಾಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವಲ್ಲವೇ?” ಎಂದು ಸಂಶೋಧಕಿಯನ್ನು ಕೇಳಿದೆ. ಇಂಥ ಹರಡಿದ ಬೆಳಕಿಗೆ ಹಾಗಲ್ಲವೆಂದರು. 25 ಕಿಲೋಮೀಟರ್‌ವರೆಗೆ ಅಗಲಿ ನಿಂತ ಜೋಡಿಗಳು ಸೂಕ್ಷ್ಮ ವಿವರಗಳನ್ನು ಬಿಡಿಸಿ ತೋರಿಸುತ್ತವೆ. ಹರವಾದ ಮಬ್ಬು ಅವುಗಳ ಕೈಗೆ ಸಿಗದು. ಅದನ್ನು ಹಿಡಿಯುವುದು ಒಂದು ಕಿಲೋಮೀಟರ್ ಆವರಣದಲ್ಲಿ ಒತ್ತಾಗಿ ನಿಂತ 14 ಆಂಟೆನಾಗಳು. ಉಳಿದ 16 ಮೂರು ಬಾಹುಗಳಾಗಿ ಹೊಲಗಳಾಚೆ ಚಾಚಿವೆ. ಎರಡೂ ಸೇರಿದರೇ ಚಿತ್ರ ಪೂರ್ತಿ.

ಪರದೆಯ ಮೇಲೆ ಕಂಡ ಸಾಸೇಜಿನ ಬೆಳಕು ಅಲ್ಲಿಂದ ಹೊರಟದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಹೊರಗೆ ಬಂದಾಗ ಮಕ್ಕಳು ಕೂಗುತ್ತಿದ್ದರು: ಆಂಟೆನಾ ತಿರುಗುತ್ತಿದೆ! ಅಷ್ಟು ದೊಡ್ಡ ಬಲೆ, ಹೂವು ಬಿಸಿಲಿನತ್ತ ಹೊರಳಿದಂತೆ, ಮೆಲ್ಲಗೆ.

ವಾಪಸು ಬರುವಾಗ ದ್ರಾಕ್ಷಿ ತೋಟದಾಚೆ ಒಂಟಿ ಆಂಟೆನಾವೊಂದು ಕಂಡಿತು. ಅದೂ ಆ ದಿಕ್ಕಿಗೇ ಮುಖ ಮಾಡಿತ್ತು.