ಆಯಿಯ ಸೊಂಟ, ಅವ್ವನ ಮಣಿಕಟ್ಟು

ಕಮಲಾಪುರದ ನಮ್ಮ ಆಯಿ ಬಿದ್ದು ಸೊಂಟದ ಹತ್ತಿರ ಎಲುಬು ಮುರಿದುಕೊಂಡಾಗ ಎಲ್ಲರೂ ಬೈದಿದ್ದು ಬಚ್ಚಲಿನ ಪರಸಿಗೆ. ಶಹಾಬಾದ್ ಪರಸಿ ಮೇಲೆ ನೀರು ಬಿದ್ರೆ ಜಾರ್ತದ, ಖರೇ. ಆದರೆ ಅದೇ ಬಚ್ಚಲಲ್ಲಿ ನನ್ನ ತಮ್ಮ ಎಷ್ಟೋ ಸಲ ಬಿದ್ದಿದ್ದಾನೆ. ಮೊಣಕಾಲು ತರಚಿದ್ದು ಬಿಟ್ಟರೆ ಅವನಿಗೇನೂ ಆಗಿಲ್ಲ.

ಆಯಿಗೆ ಆಗ 78. ಮುಟ್ಟು ನಿಂತ ಮೇಲೆ ಹೆಣ್ಣುಮಕ್ಕಳ ಎಲುಬು ಬೇಗ ಸವೆಯುತ್ತದೆ. ಜೊತೆಗೆ ಕಣ್ಣಿಗೆ ಪೊರೆ, ರಾತ್ರಿ ನಿದ್ದೆ ಗುಳಿಗೆ, ಎದ್ದು ನಿಂತ ಕೂಡಲೇ ತಲೆ ತಿರುಗಿಸುವ ಬಿಪಿ ಗುಳಿಗೆ, ಸವೆದ ಚಪ್ಪಲಿ, ಕತ್ತಲಲ್ಲಿ ಮೂರು ಸಲ ಒಂದಕ್ಕೆ ಏಳೋದು. ಪರಸಿ ಕೊನೆಯ ಕಾರಣ ಅಷ್ಟೇ. ಆಪರೇಷನ್ ಆಯ್ತು. ಆದರೂ ಆಯಿ ಮತ್ತೆ ಒಬ್ಬಳೇ ಸಂತೆಗೆ ಹೋಗಲಿಲ್ಲ.

ಈಗ ನನ್ನ ಚಿಂತೆ ಅವ್ವನದು. ನಾನು ಬೆಂಗಳೂರಲ್ಲಿ, 64ರ ಅವ್ವ ಕಲಬುರಗಿಯ ರೋಜಾದಲ್ಲಿ ಒಬ್ಬಳೇ. ಹೋದ ವರ್ಷ ಹೊಸ್ತಿಲು ಎಡವಿ ಮಣಿಕಟ್ಟು ಮುರಿದಿತ್ತು. "ಕೈ ಕೂಡ್ಯಾದ, ಇನ್ನೇನ್ ಬೇ?" ಅಂತಾಳೆ. ಡಾಕ್ಟರು ಮಾತ್ರ ಅಷ್ಟಕ್ಕೇ ಬಿಡಲಿಲ್ಲ. ಎಲುಬು ಮುರಿಯುವ ಅಪಾಯ ಲೆಕ್ಕ ಹಾಕಲು ಫ್ರಾಕ್ಸ್ ಅಂತ ಒಂದು ಪ್ರಶ್ನೆಪಟ್ಟಿ ಇದೆ. ದೊಡ್ಡವರಾದ ಮೇಲೆ ಸುಲಭವಾಗಿ ಎಲುಬು ಮುರಿದಿತ್ತೇ? ತಂದೆಗೋ ತಾಯಿಗೋ ಸೊಂಟ ಮುರಿದಿತ್ತೇ? ಅವ್ವನ ಉತ್ತರ ಎರಡಕ್ಕೂ ಹೌದು. ಕಡಿಮೆ ತೂಕ, ಸಿಗರೇಟು, ಬಹಳ ದಿನ ತಗೊಂಡ ಸ್ಟೀರಾಯ್ಡ್ ಗುಳಿಗೆಯೂ ಅದರ ಲೆಕ್ಕಕ್ಕೆ ಬರುತ್ತವೆ.

ಡೆಕ್ಸಾ ಸ್ಕ್ಯಾನ್ ಮಾಡಿಸಿದೆವು. ಟಿ-ಸ್ಕೋರ್ ಮೈನಸ್ 2.7. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ಇಷ್ಟು ಬಿಸಿಲಿನ ಊರಲ್ಲಿದ್ದೂ ವಿಟಮಿನ್ ಡಿ ಕಡಿಮೆ, ಯಾಕಂದ್ರೆ ಬಿಸಿಲಿಗೆ ಹೆದರಿ ಅವ್ವ ಒಳಗೇ ಇರ್ತಾಳೆ.

ಈಗ ಔಷಧ ಶುರುವಾಗಿದೆ. ರಾತ್ರಿ ಉರಿಯೋಕೆ ಸಣ್ಣ ಬಲ್ಬು ಹಾಕಿದ್ದೀವಿ, ಹಿಂದೆ ಪಟ್ಟಿ ಇರುವ ಚಪ್ಪಲಿ ತಂದಿದ್ದೀವಿ. ಬಚ್ಚಲ ಗೋಡೆಗೆ ಸ್ಟೀಲ್ ರಾಡು ಹಾಕಿಸುವಾಗ ಮಾತ್ರ ಜಗಳ. "ಈಗೇ ನನ್ನ ಮುದುಕಿ ಮಾಡ್ತೀಯೇನ್?" ಎರಡು ದಿನ ಮಾತಿಲ್ಲ. ಈಗ ಆ ರಾಡಿನ ಮೇಲೆ ಟವೆಲ್ ಒಣಗಿಸ್ತಾಳೆ. ಒಣಗಿಸಲಿ, ಕೈಗೆ ಸಿಗೋ ಹಾಗಿದ್ದರೆ ಸಾಕು.

ಊರಿಗೆ ಫೋನ್ ಮಾಡಿದಾಗ "ಊಟ ಆಯ್ತಾ" ಅಂತ ಎಲ್ಲರೂ ಕೇಳ್ತೀವಿ. ಈ ಸಲ ಇನ್ನೂ ಮೂರು ಕೇಳಿ: ಈ ವರ್ಷ ಎಲ್ಲಾದರೂ ಬಿದ್ದಿದ್ರಾ? ಎದ್ದಾಗ ತಲೆ ತಿರುಗ್ತದಾ? ಯಾವ್ಯಾವ ಗುಳಿಗೆ ತಗೋತೀರಿ? ಗುಳಿಗೆ ನೀವಾಗಿ ನಿಲ್ಲಿಸಬೇಡಿ, ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ. "ನಂಗೇನೂ ಆಗಿಲ್ಲ" ಅಂದರೆ ಅಲ್ಲಿಗೇ ಫೋನ್ ಇಡಬೇಡಿ.