ಬಳೆ ಬಿಗಿಯಾದಾಗ

ಕಳೆದ ದಸರೆಯ ರಜೆಯಲ್ಲಿ ವಾಸ್ಕೋದ ಅಕ್ಕನ ಮನೆಗೆ ಹೋಗಿದ್ದೆ. ಮದುವೆಯಾಗಿ ಧಾರವಾಡದಿಂದ ಗೋವೆಗೆ ಹೋದ ಅವಳು ಹೊಲಿಗೆಯಿಂದಲೇ ಮಕ್ಕಳನ್ನು ಓದಿಸಿದವಳು. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ, ಕಿಮೊಥೆರಪಿ, ವಿಕಿರಣ ಚಿಕಿತ್ಸೆ ಎಲ್ಲವೂ ಮುಗಿದು ಎರಡು ವರ್ಷವಾಗಿತ್ತು. ನಾನು ಒಯ್ದ ಹಸಿರು ಬಳೆಗಳು ಅವಳ ಎಡಗೈಗೆ ಸಲೀಸಾಗಿ ಏರಿದವು. ಬಲಗೈಯಲ್ಲಿ ಹೆಬ್ಬೆರಳ ಬುಡ ದಾಟಲಿಲ್ಲ. "ಗೋವಾದ ಶೆಕಿಗೆ ಬಾತೈತಿ ಬಿಡವಾ" ಎಂದು ನಕ್ಕಳು. ಸೆಕೆ ಒಂದೇ ಕೈಯನ್ನು ಆರಿಸಿಕೊಳ್ಳುವುದುಂಟೇ?

ಆ ರಾತ್ರಿ ನಿಜ ಹೇಳಿದಳು. ತೋಳು ಭಾರವಾಗಿ ನಾಲ್ಕು ತಿಂಗಳಾಗಿತ್ತು. ಹಳೆಯ ರೋಗವೇ ಮರಳಿತೆಂಬ ಭಯ ಒಂದು. ಹೊಲಿಗೆ ಬಿಡಿಸಿಯಾರೆಂಬ ಭಯ ಅದಕ್ಕಿಂತ ದೊಡ್ಡದು.

ಪರೀಕ್ಷೆಗಳ ಬಳಿಕ ವೈದ್ಯರು, ರೋಗ ಮರುಕಳಿಸಿಲ್ಲ, ಇದು ಲಿಂಫೆಡಿಮಾ ಎಂದರು. ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಾಗ, ವಿಕಿರಣ ಕೊಟ್ಟಾಗ, ತೋಳಿನ ದುಗ್ಧರಸ ಹರಿಯುವ ದಾರಿ ಕೆಡುತ್ತದೆ. ರಸ ನಿಂತು ತೋಳು ಬಾಯುತ್ತದೆ. ತಿಂಗಳುಗಳ ನಂತರವೂ, ವರ್ಷಗಳ ನಂತರವೂ ಇದು ತೋರಬಹುದು. ಆರಂಭದಲ್ಲಿ ಕೈ ಎತ್ತಿಟ್ಟರೆ ಇಳಿಯುವ ಬಾವು, ಅಲಕ್ಷಿಸಿದರೆ ಗಟ್ಟಿಯಾಗುತ್ತದೆ. ಪೂರ್ತಿ ವಾಸಿಯಾಗುವುದು ಅಪರೂಪ, ಅಂಕೆಯಲ್ಲಿಡುವುದು ಸಾಧ್ಯ. ಆನೆಕಾಲು ರೋಗದ ಬಾವೂ ಇದರ ಬಂಧುವೇ. ಅದಕ್ಕಾಗಿ ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಆಯುರ್ವೇದ, ಯೋಗ, ಬ್ಯಾಂಡೇಜುಗಳನ್ನು ಕೂಡಿಸಿ ರೂಪಿಸಿದ ಚಿಕಿತ್ಸೆಯೂ ರೋಗಿ ದಿನವೂ ಮಾಡಿಕೊಳ್ಳುವ ಆರೈಕೆಯನ್ನೇ ನೆಚ್ಚಿದೆ.

ಊರ ಹೆಂಗಸರ ತೋಳಿನ ಅಳತೆಯನ್ನೆಲ್ಲ ತೆಗೆದವಳು ತನ್ನ ತೋಳನ್ನು ಅಳೆದಿರಲಿಲ್ಲ. ಈಗ ತಿಂಗಳಿಗೊಮ್ಮೆ, ಬೆಳಗಿನ ಅದೇ ಹೊತ್ತಿಗೆ, ಎರಡೂ ತೋಳುಗಳ ಅವೇ ಗುರುತುಗಳಲ್ಲಿ ಟೇಪು ಸುತ್ತಿ ಪುಸ್ತಕದಲ್ಲಿ ಬರೆಯುತ್ತಾಳೆ. ಎರಡು ತೋಳುಗಳ ನಡುವೆ 2 ಸೆಂ.ಮೀ. ವ್ಯತ್ಯಾಸ ಕಂಡರೆ ವೈದ್ಯರಿಗೆ ತೋರಿಸಬೇಕು. ದುಡಿಯುವ ಕೈ ಸಹಜವಾಗಿಯೇ ತುಸು ದಪ್ಪವಿರಬಹುದಾದ್ದರಿಂದ ಶಸ್ತ್ರಚಿಕಿತ್ಸೆಗೆ ಮುಂಚಿನ ಅಳತೆಯೂ ಇರಬೇಕು. ಅದು ಇರಲಿಲ್ಲ, ಅವಳ ಹಳೆಯ ರವಿಕೆಯ ತೋಳೇ ನಮಗೆ ದಾಖಲೆಯಾಯಿತು.

ಹಗಲೆಲ್ಲ ಬಿಗಿ ತೋಳುಚೀಲ. ಗೋವೆಯ ಮಳೆಗಾಲದಲ್ಲಿ ಒಂದು ಒಣಗುವುದಿಲ್ಲವೆಂದು ಎರಡು. ಸೂಜಿ ಚುಚ್ಚದಂತೆ ಬೆರಳಿಗೆ ಅಂಗುಸ್ತಾನ. ಚರ್ಮ ಕೆಂಪೇರಿ ಬಿಸಿಯಾದರೆ, ಜ್ವರ ಬಂದರೆ, ಅದೇ ದಿನ ಆಸ್ಪತ್ರೆ. ಭಾರ ಎತ್ತಲೇಬಾರದೆಂಬ ಹಳೆಯ ಮಾತೂ ಸಡಿಲವಾಗಿದೆ: ಮೆಲ್ಲಮೆಲ್ಲನೆ ಹೆಚ್ಚಿಸುವ ವ್ಯಾಯಾಮದಿಂದ ಬಾವು ಹೆಚ್ಚುವುದಿಲ್ಲವೆಂದು 2009ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಹೊಲಿಗೆ ನಿಂತಿಲ್ಲ, ನಡುನಡುವೆ ವಿಶ್ರಾಂತಿ ಸೇರಿದೆ, ಅಷ್ಟೆ.

ತಿಂಗಳ ಮೊದಲ ದಿನ ಅಕ್ಕ ಫೋನಿನಲ್ಲಿ ಅಂಕಿಗಳನ್ನು ಓದುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. 3 ಸೆಂ.ಮೀ. ಇದ್ದ ವ್ಯತ್ಯಾಸ ಈಗ ಒಂದೂವರೆಗೆ ಇಳಿದಿದೆ. ನಾನು ಕೊಟ್ಟ ಬಳೆಗಳೆಲ್ಲ ಎಡಗೈಯಲ್ಲಿವೆ. ಈ ಚಿಕಿತ್ಸೆ ಪಡೆದ ತಾಯಿಯೋ ಚಿಕ್ಕಮ್ಮನೋ ನಿಮ್ಮ ಮನೆಯಲ್ಲಿದ್ದರೆ, ವಿದ್ಯಾರ್ಥಿಗಳೇ, ಕೈ ಹೇಗಿದೆಯೆಂದು ಒಮ್ಮೆ ಕೇಳಿ. ಅವರಾಗಿ ಹೇಳಲಾರರು.